ತಾರೀಕಿಲ್ಲದ ಘೋಷಣೆ

ಪಂಚಾಯ್ತಿ ಚುನಾವಣೆಯ ಗದ್ದಲ ಶುರುವಾಗಿ ಮೂರೇ ದಿನಕ್ಕೆ ನನ್ನ ಹಳೆಯ ವಿದ್ಯಾರ್ಥಿ ಲೋಕೇಶ ಕಡೂರಿನ ನಮ್ಮ ಮನೆಗೆ ಬಂದು ಕೈಮುಗಿದ. ಮೆಂಬರ್ ಆಗಲು ನಿಂತಿದ್ದೇನೆ, ಒಂದು ಘೋಷಣೆ ಬರೆದುಕೊಡಬೇಕು ಎಂದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ಒಂದು ಸಾಲು ಯಾವ ಲೆಕ್ಕ? (ಜಂಬ. ತಾಪತ್ರಯವೆಲ್ಲ ಅಲ್ಲಿಂದಲೇ ಶುರು.)

ಲೋಕೇಶ ಒಳ್ಳೆಯವನು. ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಾನೆ, ಕರೆದರೆ ಬರುತ್ತಾನೆ. ಅಂಥವನಿಗೆ ಸುಳ್ಳು ಬರೆದುಕೊಡಬಾರದು ಎಂದುಕೊಂಡು ಮರುದಿನವೇ ಬಸ್ಸು ಹತ್ತಿ ಅವನ ಊರಿಗೆ ಹೋದೆ. ಅಜ್ಜಂಪುರದ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಊರಿಗೆ ಏನು ಬೇಕೋ ಅದನ್ನು ಕಣ್ಣಾರೆ ನೋಡಿಯೇ ಬರೆಯಬೇಕು ಎಂಬ ಹಠ.

ಹೆಚ್ಚು ಹುಡುಕಬೇಕಾಗಲಿಲ್ಲ. ಅಂಗನವಾಡಿಯ ಬಾಗಿಲಿಗೆ ಅಡ್ಡಲಾಗಿ ಆಳದ ಚರಂಡಿ. ಮೇಲಿನ ಚಪ್ಪಡಿ ಒಡೆದು ಎಷ್ಟೋ ಕಾಲವಾಗಿದೆ. ಅಲ್ಲಿ ಅಡುಗೆ ಮಾಡುವ ಸಹಾಯಕಿ ರತ್ನಮ್ಮ ದಿನಾ ಬೆಳಿಗ್ಗೆ ಒಂದೊಂದೇ ಮಗುವನ್ನು ಎತ್ತಿ ದಾಟಿಸುತ್ತಾರೆ, ಮಧ್ಯಾಹ್ನ ಮತ್ತೆ ಎತ್ತಿ ಈಚೆಗೆ ಬಿಡುತ್ತಾರೆ. ಹಿಂದಿನ ತಿಂಗಳು ಅವರು ಒಲೆಯ ಮುಂದಿದ್ದಾಗ ಒಂದು ಹೆಣ್ಣುಮಗು ತಾನೇ ದಾಟಲು ಹೋಗಿ, ಬಿದ್ದು ಕೈ ಮುರಿದುಕೊಂಡಿತಂತೆ. ಇದನ್ನು ಹೇಳುವಾಗ ಆಕೆಯ ಸೊಂಟದ ಮೇಲೆ ಇನ್ನೊಂದು ಮಗು ಇತ್ತು.

ಅಲ್ಲೇ ಜಗಲಿಯ ಮೇಲೆ ಕೂತು ಬರೆದೆ: “ಅಂಗನವಾಡಿ ಚರಂಡಿಗೆ ಯುಗಾದಿಯೊಳಗೆ ಚಪ್ಪಡಿ. ತಪ್ಪಿದರೆ ನನ್ನನ್ನು ಕೇಳಿ.”

ಲೋಕೇಶನ ಮುಖ ಅರಳಿತು. ಅರಳಿದ್ದು ಎರಡು ನಿಮಿಷ. ಅಷ್ಟರಲ್ಲಿ ಅವನ ಭಾವಮೈದ ಬಂದ. ಈತ ದೊಡ್ಡ ದೊಡ್ಡ ಎಲೆಕ್ಷನ್‌ಗಳಲ್ಲಿ ಓಡಾಡಿದವನು, ಎಕ್ಸ್‌ಪರ್ಟ್. ಚೀಟಿಯನ್ನು ಎರಡು ಸಲ ಓದಿ, ಮಡಿಚಿ, ನನ್ನ ಕೈಗೇ ವಾಪಸ್ ಇಟ್ಟ.

“ಸಾರ್, ಇದ್ರಲ್ಲಿ ತಾರೀಕೈತೆ. ತಾರೀಕು ಹಾಕಿದ್ರೆ ನಾಳೆ ಸಿಕ್ಕಾಕ್ಕೊಂತೀವಿ.”

ವಾದಿಸಿದೆ. ಪ್ರಯೋಜನವಾಗಲಿಲ್ಲ. ಚಪ್ಪಡಿ ಎಂದರೆ ಆ ಒಂದು ಬೀದಿಯವರಷ್ಟೇ ವೋಟು ಹಾಕುತ್ತಾರೆ, ಮಿಕ್ಕವರು ನಮಗೇನು ಎನ್ನುತ್ತಾರೆ ಎಂದ. ಕೇಳಿದವರಿಗೆಲ್ಲ ನಮ್ಮದೇ ಅನ್ನಿಸಬೇಕಂತೆ. ಪ್ರಾಸ ಕಡ್ಡಾಯವಂತೆ.

ಅವನ ತಪ್ಪೇನಿದೆ? ಕಡೂರಿನಿಂದ ತರೀಕೆರೆವರೆಗೆ ಗೋಡೆಗಳನ್ನು ಓದಿಕೊಂಡು ಹೋಗಿ. ‘ನಿಮ್ಮ ಮನೆ ಮಗ.’ ಯಾವ ಮನೆಯ ಮಗ ಸ್ವಾಮಿ? ಬೆಳಿಗ್ಗೆ ಎಬ್ಬಿಸಿ ಹಾಲು ತಾ ಅಂತ ಕಳಿಸಬಹುದೇ? ‘ಅಭಿವೃದ್ಧಿಯ ಹರಿಕಾರ.’ ಹರಿಕಾರ ಎಂದರೆ ಓಲೆ ಹೊತ್ತು ಓಡುವವನು. ಓಡುವುದೇನೋ ಕಾಣುತ್ತದೆ, ಓಲೆ ಎಲ್ಲಿ?

ನನಗೂ ಸಾಕಾಗಿತ್ತು. ಐದು ಗಂಟೆಯ ಬಸ್ಸು ಬೇರೆ ಹಿಡಿಯಬೇಕಿತ್ತು. ಸಿಟ್ಟಿನಲ್ಲಿ, ಅಣಕಿಸಬೇಕೆಂದೇ, ಚೀಟಿಯ ಹಿಂಬದಿಯಲ್ಲಿ ಗೀಚಿದೆ: “ಲೋಕೇಶಣ್ಣನ ಹೆಜ್ಜೆ, ಊರಿಗೆಲ್ಲ ಗೆಜ್ಜೆ.”

ಚಪ್ಪಾಳೆ ಬಿತ್ತು. ಭಾವಮೈದ ನನ್ನ ಕಾಲು ಮುಟ್ಟಿದ. ಇದು ಅಣಕ ಕಣಪ್ಪಾ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಆ ಸಾಲನ್ನು ಆಟೋಗಳು ಕೂಗಿದವು, ಗೋಡೆಗಳು ಹೊತ್ತವು, ಮಕ್ಕಳು ಕುಂಟೆಬಿಲ್ಲೆ ಆಡುತ್ತಾ ಹೇಳಿಕೊಂಡವು. ಲೋಕೇಶ ಗೆದ್ದ.

ಯುಗಾದಿ ಬಂದು ಹೋಯಿತು. ಅದಾಗಿ ಎರಡು ತಿಂಗಳ ಮೇಲೆ, ಅಂದರೆ ಮೊನ್ನೆ, ಮದುವೆಯೊಂದಕ್ಕೆ ಅದೇ ಊರಿಗೆ ಹೋಗಿದ್ದೆ. ಚರಂಡಿ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ರತ್ನಮ್ಮ ಮಗುವನ್ನು ಎತ್ತಿಕೊಂಡು ದಾಟುತ್ತಿದ್ದರು. ಈಗ ಸೊಂಟಕ್ಕೆ ಬೆಲ್ಟ್ ಬಂದಿದೆ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ. (ಮಕ್ಕಳು ಭಾರವೇ ಎಂದು ಇವರು ಡಾಕ್ಟರನ್ನೇ ಕೇಳಿದರಂತೆ.)

ಸೀದಾ ಲೋಕೇಶನ ಅಂಗಡಿಗೆ ಹೋದೆ. ಮೋಟರ್ ಬಿಚ್ಚುತ್ತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಚಪ್ಪಡಿ ಏನಾಯ್ತೋ ಎಂದೆ. ತಲೆ ತಗ್ಗಿಸಿದ. ಮೊದಲ ಮೀಟಿಂಗಿನಲ್ಲಿ ಮಾತು ಎತ್ತಿದ್ದನಂತೆ, ಆಮೇಲೆ ಬೇರೆ ಬೇರೆ ಕೆಲಸ ಬಂದವಂತೆ. ಯಾರೂ ಬಂದು ಕೇಳಲೇ ಇಲ್ಲ ಎಂದ. ಸಬೂಬು ಹೇಳುವ ಮುಖವಲ್ಲ ಅದು. ನಿಜವಾಗಿಯೂ ಯಾರೂ ಕೇಳಿರಲಿಲ್ಲ. ಹೇಗೆ ಕೇಳುತ್ತಾರೆ? ಕೇಳಿ ಎಂದು ಬರೆದಿದ್ದ ಚೀಟಿಯ ಮಗ್ಗುಲನ್ನು ಯಾರಾದರೂ ಓದಿದ್ದರೆ ತಾನೇ?

ವಾಪಸ್ ಬರುತ್ತಾ ಅಂಗನವಾಡಿಯ ಮುಂದೆ ನಿಂತು, ಅವನಿಗೇ ವೋಟು ಹಾಕಿದಿರಾ ಎಂದು ರತ್ನಮ್ಮನನ್ನು ಕೇಳಿದೆ. ಕೇಳಬಾರದಿತ್ತು.

“ಊಂ ಮೇಷ್ಟ್ರೇ. ನೀವು ಬರ್ದಿದ್ದು ಅಂದ್ರು. ಮೇಷ್ಟ್ರು ಸುಳ್ಳು ಬರ್ಯಾಕಿಲ್ಲ ಅಂತ ಹಾಕ್ದೆ.”

ಒಂದು ಮಾತು ಸುಳ್ಳಾಗಬೇಕಾದರೂ ಮೊದಲು ಅದಕ್ಕೊಂದು ಅರ್ಥ ಇರಬೇಕಲ್ಲವೇ?