ಬೆನ್ನಿಗೆ ಹೇಳಿದ ಮಾತು

ನಮ್ಮ ಟೈಲರ್ ಸಾಬರು ಎದುರಿಗಿದ್ದವರ ಕಣ್ಣು ನೋಡಿ ಮಾತಾಡಿದವರಲ್ಲ. ಅವರ ನೋಟ ತುಟಿಯ ಮೇಲೇ ನೆಟ್ಟಿರುತ್ತಿತ್ತು. ಕೊರಳಲ್ಲಿ ಅಳತೆ ಟೇಪು, ಅಂಗಿಯ ತುಂಬ ನೂಲಿನ ಚೂರು, ದಪ್ಪ ಕನ್ನಡಕದ ಹಿಂದೆ ರೆಪ್ಪೆ ಬಡಿಯುವುದನ್ನೇ ಮರೆತಂಥ ಎರಡು ಕಣ್ಣು. ಚಿಕ್ಕ ವಯಸ್ಸಿನಲ್ಲಿ ಬಂದ ಒಂದು ಜ್ವರ ಅವರ ಕಿವಿಯನ್ನು ಪೂರ್ತಿ ಕೊಂಡುಹೋಗಿತ್ತು. ಮಾತು ಉಳಿದಿತ್ತು, ಕೊಂಚ ಗಟ್ಟಿಯಾಗಿ.

ಚಿಕ್ಕನಾಯಕನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಅದರ ಪಕ್ಕದ್ದೇ ನನ್ನದು, ಕೊಬ್ಬರಿ ತುಂಬುವ ಗೋಣಿಚೀಲದ ವ್ಯಾಪಾರ. ನಡುವೆ ಒಂದು ತಗಡಿನ ಗೋಡೆ. ಎಲೆ ಅಡಿಕೆ ಜಗಿಯುತ್ತ ಅಳತೆ ಕೊಡಲು ಬಂದವರಿಗೆ, "ಬಾಯಿ ಖಾಲಿ ಮಾಡ್ಕೊಂಡು ಬಾರಪ್ಪ, ಏನೂ ಕೇಳಿಸ್ತಿಲ್ಲ" ಅನ್ನುತ್ತಿದ್ದರು. ತುಟಿಯ ಮೇಲೆ ಇಳಿಬಿದ್ದ ನನ್ನ ಮೀಸೆ ಕಂಡರಂತೂ ಅವರಿಗೆ ಆಗುತ್ತಿರಲಿಲ್ಲ. "ಅದನ್ನ ಕತ್ತರಿಸ್ಕೊಂಡು ಬಾ ಕಣಪ್ಪ. ಇಲ್ಲಾಂದ್ರೆ ನಾನೇ ಕತ್ತರಿಸ್ತೀನಿ, ಕತ್ತರಿ ಕೈಲೇ ಐತೆ." ಕೊನೆಗೆ ಕತ್ತರಿಸಿಕೊಂಡೆ. ಊರೆಲ್ಲ ಮಾಸ್ಕ್ ಹಾಕಿಕೊಂಡ ಕಾಲದಲ್ಲಿ ನಮ್ಮ ಬೀದಿಗೆಲ್ಲ ಮಾಸ್ಕ್ ಹೊಲಿದುಕೊಟ್ಟವರು ಅವರೇ. ಹೊಲಿದ ಒಂದೊಂದು ಮಾಸ್ಕೂ ಅವರ ಪಾಲಿಗೆ ಒಂದೊಂದು ಬಾಯಿಯನ್ನು ಮುಚ್ಚಿತು.

ಅವರ ಹೆಂಡತಿಯನ್ನು ನಾವೆಲ್ಲ ಚಾಚಿ ಅನ್ನುತ್ತಿದ್ದೆವು. ಸಾಬರು ಮಿಷನ್ ತುಳಿಯುತ್ತಿದ್ದರೆ ಚಾಚಿ ಅವರ ಹಿಂದೆ ಚಾಪೆ ಹಾಸಿಕೊಂಡು ಕಾಜಾ ಮಾಡಿ ಗುಂಡಿ ಹಾಕುತ್ತಿದ್ದರು. ಅರ್ಧ ಉರ್ದು, ಅರ್ಧ ಕನ್ನಡದ ಅವರ ಮಾತು ದಿನವಿಡೀ ತಗಡಿನಾಚೆಯಿಂದ ನನಗೆ ಕೇಳಿಸುತ್ತಿತ್ತು. ಗಿರಾಕಿಗಳ ಜೊತೆ ಆಡುತ್ತಿರಬೇಕು ಎಂದುಕೊಂಡಿದ್ದೆ.

ಒಮ್ಮೆ ಟಿವಿಯ ಅಡುಗೆ ಕಾರ್ಯಕ್ರಮದವರು ಊರಿಗೆ ಬಂದರು. ನಮ್ಮ ಕಡೆಯ ತೆಂಗಿನಕಾಯಿ ಅಡುಗೆ ತೋರಿಸುವವರು ಬೇಕೆಂದಾಗ ಬೀದಿಯವರೆಲ್ಲ ಚಾಚಿಯ ಕಡೆ ಕೈ ತೋರಿಸಿದರು. ಚಾಚಿ ಕಾಯಿ ಹಲ್ವಾ ಮಾಡಿ ತೋರಿಸಿದರು. ಅದು ಟಿವಿಯಲ್ಲಿ ಬರುವ ಮೊದಲೇ, ಎದೆನೋವೆಂದು ತಿಪಟೂರಿಗೆ ಕರೆದೊಯ್ಯುವ ದಾರಿಯಲ್ಲಿ ಹೋಗಿಬಿಟ್ಟರು.

ಕಾರ್ಯಕ್ರಮ ಬಂದ ದಿನ ಸಾಬರ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರಂತೆ. ನಾನು ಊರಲ್ಲಿರಲಿಲ್ಲ. ಮಾರನೇ ಬೆಳಿಗ್ಗೆ ನನ್ನ ಅಂಗಡಿಯ ಬಾಗಿಲು ತೆರೆಯುತ್ತಿದ್ದ ಹಾಗೇ ಸಾಬರು ಫೋನು ಹಿಡಿದು ಬಂದರು.

"ನೆನ್ನೆ ಬಂದಿದ್ದು ಇದ್ರಲ್ಲಿ ಇವತ್ತೂ ಸಿಗ್ತದಂತೆ. ಹಾಕು. ಅವಳು ಏನೋ ಅಂದ್ಲು, ಎಲ್ರೂ ನಕ್ಕರು. ಆಮೇಲೆ ಎಲ್ರೂ ಅತ್ತರು. ಏನಂತ ಕೇಳಿದ್ರೆ 'ಆಮೇಲೆ ಹೇಳ್ತೀವಿ' ಅಂತಾರೆ. ನನ್ನ ಬಾಳೆಲ್ಲ ಆ ಆಮೇಲೆನಲ್ಲೇ ಹೋಯ್ತು ಕಣಪ್ಪ."

ಮಾತು ಹೊತ್ತಿಗೆ ಬಂದರೆ ಬಿಸಿ ಅನ್ನ, ತಡೆದು ಬಂದರೆ ತಂಗಳು ಅನ್ನುತ್ತಿದ್ದಳು ನಮ್ಮಜ್ಜಿ. ಇವರು ಜೀವಮಾನವೆಲ್ಲ ತಂಗಳುಂಡವರು.

ಟಿವಿಯವರ ಆಪ್‌ನಲ್ಲಿ ಕಾರ್ಯಕ್ರಮ ಸಿಕ್ಕಿತು. ಮಾತನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ತೋರಿಸುವ ಗುಂಡಿಯೂ ಸಿಕ್ಕಿತು. ಒತ್ತಿದೆ. ಈ ಕಾರ್ಯಕ್ರಮಕ್ಕೆ ಸಬ್‌ಟೈಟಲ್ ಇಲ್ಲ ಎಂದು ಬಂತು. ಚಾಚಿಯ ಮುಖ ಕಾಣುವಷ್ಟು ಹೊತ್ತು ಸಾಬರಿಗೆ ಯಾರ ಸಹಾಯವೂ ಬೇಕಿರಲಿಲ್ಲ. "ಬೆಲ್ಲ ಅಂದ್ಲು. ಏಲಕ್ಕಿ ಅಂದ್ಲು ನೋಡು." ಆಮೇಲೆ ಕ್ಯಾಮೆರಾ ಬಾಣಲೆಯ ಕಡೆ ತಿರುಗಿತು. ಹಲ್ವಾ ಕೆದಕುವ ಕೈ ಮಾತ್ರ ಕಾಣುತ್ತಿತ್ತು, ಚಾಚಿ ಮಾತಾಡುತ್ತಲೇ ಇದ್ದರು. ನೆಂಟರು ನಕ್ಕಿದ್ದು, ಅತ್ತಿದ್ದು ಎಲ್ಲ ಅಲ್ಲೇ.

ನಾನು ಎದುರು ನಿಂತು ಹೇಳತೊಡಗಿದೆ. ಅವರು ತಲೆ ಅಲ್ಲಾಡಿಸಿದರು. "ನಿನ್ನ ನೋಡಿದ್ರೆ ಅವಳು ಹೋಗ್ತಾಳೆ, ಅವಳ್ನ ನೋಡಿದ್ರೆ ಮಾತು ಹೋಗ್ತದೆ." ಬರೆದುಕೊಡಲೇ ಎಂದೆ. ಕಾಗದಕ್ಕೆ ಬಗ್ಗಿದರೂ ಅದೇ ಕಥೆ ಎಂದರು. ನಿಲ್ಲಿಸಿ ನಿಲ್ಲಿಸಿ ಹೇಳಲೇ ಎಂದೆ. "ನಿಲ್ಲಿಸ್ಬೇಡ. ಅವಳ ಕೈ ಆಡ್ತಿರ್ಲಿ." ಕೊನೆಗೆ ಅವರೇ ಫೋನನ್ನು ಎತ್ತಿ ನನ್ನ ಗದ್ದಕ್ಕೆ ಆನಿಸಿ ಹಿಡಿದರು. ಮೇಲೆ ನನ್ನ ತುಟಿ, ಕೆಳಗೆ ಬಾಣಲೆ. "ಹೂಂ, ಈಗ ಹೇಳು."

ಕಾರ್ಯಕ್ರಮದ ಹುಡುಗಿಗೆ ಚಾಚಿ ಹೇಳಿದ್ದನ್ನೇ ಹೇಳಿದೆ. "ಹಲ್ವಾ ಅಂದ್ರೆ ನಮ್ಮೋರ್ಗೆ ಜೀವ ಕಣಮ್ಮ. ಅವ್ರಿಗೆ ಕಿವಿ ಕೇಳ್ಸಲ್ಲ. ಆದ್ರೂ ಇದನ್ನ ಮಾಡಿದ ದಿನ ನಾನು ಕರೆದೇ ಇಲ್ಲ, ವಾಸ್ನೆಗೇ ಬತ್ತಾರೆ."

ಸಾಬರು ನಕ್ಕರು.

"ಅವ್ರು ಮಿಷನ್ ತುಳೀತಿದ್ರೆ ನಾನು ಹಿಂದೆ ಕೂತು ಬೆನ್ನಿಗೇ ಎಲ್ಲಾ ಹೇಳ್ಕಂತೀನಿ. ಎದುರಿಗೆ ಹೇಳಿದ್ರೆ ಕೆಲ್ಸ ನಿಲ್ಲಿಸಿ ನನ್ನ ನೋಡ್ಬೇಕಲ್ಲ, ಪಾಪ."

ಫೋನು ನಿಧಾನಕ್ಕೆ ಕೆಳಗಿಳಿಯಿತು. "ಬೆನ್ನಿಗಾ?" ಎಂದರು. ಫೋನನ್ನು ಗೋಣಿಚೀಲದ ಮೇಲಿಟ್ಟು, "ಏನು ಹೇಳ್ತಿದ್ಲು?"

ತಗಡಿನಾಚೆಯಿಂದ ಇಷ್ಟು ವರ್ಷ ನನಗೆ ಕೇಳಿಸಿದ್ದು ಏನೆಂದು ಆಗ ತಿಳಿಯಿತು.

ಅಂದಿನಿಂದ ದಿನವೂ ಬಂದರು. ಫೋನು ನನ್ನ ಗದ್ದಕ್ಕೆ. "ನಿಧಾನ ಕಣಪ್ಪ, ಅವಳು ಹಿಂಗೆ ಓಡಲ್ಲ" ಎಂದು ತಿದ್ದುತ್ತಿದ್ದರು. ಕಾರ್ಯಕ್ರಮಕ್ಕೆ ಅಕ್ಷರ ಹಾಕಿ ಎಂದು ಆಪ್‌ನವರಿಗೆ ಬರೆದೆ. ನಿಮ್ಮ ಸಲಹೆಗೆ ಧನ್ಯವಾದ ಎಂಬ ಉತ್ತರ ಬರುವಷ್ಟರಲ್ಲಿ ಕಾರ್ಯಕ್ರಮವೇ ಅಲ್ಲಿರಲಿಲ್ಲ. ಹಳೆಯದನ್ನು ಅವರು ತುಂಬ ದಿನ ಇಟ್ಟುಕೊಳ್ಳುವುದಿಲ್ಲವಂತೆ.

ಆಮೇಲೂ ಸಾಬರು ಬಂದು ಗೋಣಿಚೀಲದ ಮೇಲೆ ಕೂರುತ್ತಿದ್ದರು. "ಬೆನ್ನಿಗೆ ಹೇಳಿದ್ದು ಒಂದು ಹೇಳು." ನೆನಪನ್ನು ಕೆದಕಿ ಕೆದಕಿ ಹೇಳುತ್ತಿದ್ದೆ. ಗ್ಯಾಸು ಮುಗೀತು ಅಂತಿದ್ರು. ಮಂಡಿ ನೋವು ಅಂತಿದ್ರು. ಹುಳಿಯಾರಿನ ಮಗಳು ಫೋನೇ ಮಾಡ್ಲಿಲ್ಲ ಅಂತಿದ್ರು. ಒಂದು ಸಲ, ಕಾಲರ್ ಸೊಟ್ಟ ಹೊಲಿದೀರಿ, ಹೇಳಿದ್ರೆ ಮುನಿಸ್ಕೊತೀರಿ ಅಂದಿದ್ರು.

"ಯಾರ ಕಾಲರ್ರು?" ಎಂದು ಸಾಬರು ಎದ್ದೇ ನಿಂತಿದ್ದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಒಂದು ದಿನ ನನ್ನಲ್ಲಿದ್ದುದೆಲ್ಲ ಮುಗಿಯಿತು. ಇಷ್ಟೇ ಸಾಬ್ರೇ ಎಂದೆ. "ಇರ್ಲಿ ಬುಡು. ನೆನಪಾದ್ರೆ ಹೇಳು." ಆಮೇಲೆ ಬೀದಿಯಲ್ಲಿ ಕಂಡಾಗಲೆಲ್ಲ ಹುಬ್ಬೆತ್ತಿ ನನ್ನ ಬಾಯಿ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಮಲಗಿದವರು ಏಳಲಿಲ್ಲ. ಹೆಗಲು ಕೊಟ್ಟು, ಮಣ್ಣು ಹಾಕಿ ಬಂದೆ.

ಮೊನ್ನೆ ಸಂಜೆ ಮಬ್ಬಾಗುವ ಹೊತ್ತಿಗೆ ಅಂಗಡಿಯ ದೀಪ ಹಾಕಿದೆ. ಇದ್ದಕ್ಕಿದ್ದಂತೆ ನೆನಪಾಯಿತು. ಇದೇ ಹೊತ್ತಿಗೆ ತಗಡಿನಾಚೆ ಚಾಚಿ ದಿನವೂ ಒಂದು ಮಾತು ಹೇಳುತ್ತಿದ್ದರು. ದಿನವೂ ಕೇಳಿದ್ದರಿಂದಲೇ ಅದು ಮಾತೆಂದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಹೊರಗೆ ಬಂದೆ. ಸಾಬರ ಅಂಗಡಿಯ ಮುಚ್ಚಿದ ಷಟರಿನ ಎದುರು ನಿಂತು, ಅವರು ತಿದ್ದಿದ್ದ ಹಾಗೆ ನಿಧಾನವಾಗಿ ಹೇಳಿದೆ.

"ಸಾಕು ಏಳ್ರೀ, ಕಣ್ಣು ನೋಯ್ತದೆ. ಅವೂ ಹೋದ್ರೆ ನನ್ ಮಾತು ಯಾತರಲ್ಲಿ ಕೇಳ್ತೀರಿ?"