ಸಾವಿತ್ರಮ್ಮನ ಹೆಬ್ಬೆರಳು

ಕೋವಿಡ್ ಮುಗಿದ ಮರುವರ್ಷ. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ನಮ್ಮ ಲ್ಯಾಬಿನಲ್ಲಿ ತೆಳುಪದರದ ಟ್ರಾನ್ಸ್‌ಡ್ಯೂಸರ್ ಮಾಡುತ್ತಿದ್ದೆವು, ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಹಾಳೆ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣಗಿರುವ ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನು ಸಿಲಿಕೋನ್ ಪಾಲಿಮರ್‌ನಲ್ಲಿ ಕಲಸಿ, ಗಾಜಿನ ಮೇಲೆ ತೆಳ್ಳಗೆ ಎಳೆದು, ಓವನ್‌ನಲ್ಲಿ ಗಟ್ಟಿ ಮಾಡಬೇಕು. ಕಲಸುವಾಗ ಗಂಟು ಉಳಿದರೆ ಕೆಲಸ ಕೆಟ್ಟಂತೆ. ಮುದ್ದೆ ತೊಳಸಿದವರಿಗೆ ಆ ಕಷ್ಟ ಹೇಳಬೇಕಾಗಿಲ್ಲ. ಹಾಳೆಯನ್ನು ಒತ್ತಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಅದನ್ನು ಅಳೆದರೆ ಎಷ್ಟು ಭಾರ ಬಿತ್ತೆಂದು ತಿಳಿಯುತ್ತದೆ.

ಚನ್ನರಾಯಪಟ್ಟಣದಲ್ಲಿ ಬ್ಲೌಸ್ ಹೊಲಿಯುವ ಸಾವಿತ್ರಮ್ಮನವರನ್ನು ನಮ್ಮಲ್ಲಿಗೆ ಕಳಿಸಿದ್ದು ಅವರ ಡಾಕ್ಟರು. ಸಕ್ಕರೆ ಕಾಯಿಲೆಯಿಂದ ಅವರ ಬಲಪಾದದ ಸ್ಪರ್ಶ ಸತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಗಿ ಒಮ್ಮೆ ಮಾಯ್ದಿತ್ತು. ಮತ್ತೆ ಎದ್ದರೆ ಬೆರಳು ಹೋಗುತ್ತದೆ, ಆಮೇಲೆ ಪಾದವೂ ಹೋಗಬಹುದು ಎಂದಿದ್ದರು ಡಾಕ್ಟರು. ಕಾಲಿಗೆ ತಿಳಿಯದ ಒತ್ತಡವನ್ನು ನಮ್ಮ ಹಾಳೆ ತಿಳಿಸಬೇಕಿತ್ತು. ಚಪ್ಪಲಿಯೊಳಗೆ ಹಾಳೆ ಕೂರಿಸಿ, ಭಾರವನ್ನು ದಾಖಲಿಸುವ ಸಣ್ಣ ಪೆಟ್ಟಿಗೆಯೊಂದನ್ನು ಕೊಟ್ಟೆವು. ಭಾರ ಮಿತಿಮೀರಿದರೆ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

ಎರಡು ವಾರದ ಮೇಲೆ ದಾಖಲೆ ನೋಡಿದರೆ ಬೆಳಗ್ಗೆ, ಸಂಜೆ ಒಂದಿಷ್ಟು ಏರಿಳಿತ, ನಡುಹಗಲೆಲ್ಲ ಸೊನ್ನೆ.

"ಹಾಳೆ ಸತ್ತಿದೆ ಮೇಡಂ" ಎಂದ ನನ್ನ ಸಂಶೋಧನಾ ವಿದ್ಯಾರ್ಥಿ ಮಧು.

"ಸತ್ತದ್ದು ಸಂಜೆಗೆ ಹೇಗಪ್ಪಾ ಎದ್ದು ಕೂರುತ್ತೆ?" ಎಂದು ರೇಗಿದೆ. ನನ್ನ ಬಾಯಿ ಮೊದಲಿಂದಲೂ ಜೋರು. ಹಾಳೆಯ ಮೇಲೆ ತೂಕ ಇಟ್ಟೆವು, ಬೆವರಿನಂಥ ಉಪ್ಪುನೀರಲ್ಲಿ ನೆನೆಸಿದೆವು, ಮತ್ತೆ ಮತ್ತೆ ಒತ್ತಿ ನೋಡಿದೆವು. ಏನೂ ಕೆಡದೆ ಅದು ಗುಂಡುಕಲ್ಲಿನ ಹಾಗಿತ್ತು. ಇದರಲ್ಲೇ ಇನ್ನೊಂದು ವಾರ ಹೋಯಿತು.

ಕೊನೆಗೆ ಬಸ್ಸು ಹತ್ತಿ ಅವರ ಅಂಗಡಿಗೇ ಹೋದೆ. ಚಪ್ಪಲಿಗಳು ಹೊಸಿಲಾಚೆ ಇದ್ದವು. ಒಳಗೆ ಸಾವಿತ್ರಮ್ಮ ಬರಿಗಾಲಲ್ಲಿ ಹೊಲಿಗೆ ಮಿಷನ್ನಿನ ಕಬ್ಬಿಣದ ಪೆಡಲ್ ತುಳಿಯುತ್ತಿದ್ದರು. ಕಾಲೆತ್ತಿಸಿ ನೋಡಿದರೆ, ಪೆಡಲಿನ ಅಂಚು ತಾಗುವ ಕಡೆಯೇ ಹುಣ್ಣು ಬಾಯಿಬಿಟ್ಟಿತ್ತು.

"ಚಪ್ಪಲಿ ಯಾಕ್ರೀ ಬಿಟ್ರಿ?" ಕೂಗಿಯೇಬಿಟ್ಟೆ.

"ಅಯ್ಯೋ, ಅನ್ನ ಕೊಡೋ ಮಿಷನ್ನು ಕಣವ್ವ. ಚಪ್ಪಲಿ ಕಾಲಲ್ಲಿ ತುಳಿಯಕಾಯ್ತದಾ?"

"ಕಾಲೇ ಹೋದ್ರೆ ಯಾವುದರಲ್ಲಿ ತುಳೀತೀರಿ?"

"ಕಾಲು ಓಗ್ಲಿ ಅಂತೀನಾ? ಆಯುಧಪೂಜೇಲಿ ಕುಂಕುಮ ಇಕ್ಕಿ ಕೈಮುಗ್ದಿರೋದು. ಅದ್ನ ಎಂಗೆ ಚಪ್ಪಲೀಲಿ ಮೆಟ್ಲಿ, ಯೋಳಿ?" ಅವರ ಕಣ್ಣು ತುಂಬಿತು. ನನ್ನ ಕೋಪ ಜರ್ರನೆ ಇಳಿಯಿತು. ನಮ್ಮಮ್ಮನೂ ಒಲೆಯ ಮುಂದೆ ಚಪ್ಪಲಿ ಮೆಟ್ಟಿದವರಲ್ಲ.

ತಡವಾಗಿತ್ತು. ಸೋಂಕು ಮೂಳೆಗಿಳಿದಿತ್ತು, ಹೆಬ್ಬೆರಳನ್ನು ತೆಗೆದರು. ಉಳಿದ ಪಾದಕ್ಕಾಗಿ ನಾವು ಬಟ್ಟೆಯ ಕಾಲುಚೀಲದೊಳಗೆ ಕೂರುವ ಹಾಳೆ ಮಾಡಿದೆವು. ಬಟ್ಟೆ ಮಡಿಚಿಕೊಂಡರೂ ಅದು ಒತ್ತಡವೆಂದೇ ತೋರಿಸುತ್ತಿತ್ತು. ಮಡಿಕೆಯನ್ನೂ ಒತ್ತಡವನ್ನೂ ಬೇರ್ಪಡಿಸಲು ತಿಂಗಳುಗಟ್ಟಲೆ ಹೆಣಗಿದೆವು. ಚೀಲವನ್ನು ಸಾವಿತ್ರಮ್ಮನೇ ಹೊಲಿದುಕೊಂಡರು. ಬೀದಿ ಸೋಕದ, ಅಂಗಡಿಯೊಳಗೆ ಮಾತ್ರ ಹಾಕುವ ಚೀಲ. ಅದಕ್ಕೆ ಅವರ ಮನಸ್ಸು ಒಪ್ಪಿತು. ಈಗ ಪೆಟ್ಟಿಗೆ ಗುಂಯ್‌ಗುಟ್ಟಿದರೆ ಪೆಡಲಿನಿಂದ ಕಾಲೆತ್ತಿ ಸುಧಾರಿಸಿಕೊಳ್ಳುತ್ತಾರೆ. ಪಾದ ಉಳಿದಿದೆ.

ಅಳೆಯುವ ಮೊದಲು ಆ ಮನುಷ್ಯರು ಹೇಗೆ ಬದುಕುತ್ತಾರೆಂದು ಹೋಗಿ ನೋಡಬೇಕು, ಲ್ಯಾಬು ಆಮೇಲೆ. ನನ್ನ ವೃತ್ತಿ ಕಲಿಸಿದ್ದು ಇಷ್ಟೇ. ಆ ಪಾಠಕ್ಕೆ ಇನ್ನೊಬ್ಬರ ಬೆರಳು ಹೋಯಿತಲ್ಲ ಎಂಬ ಸಂಕಟ ಇಂದಿಗೂ ಇದೆ.

ಮೊನ್ನೆ ಮಾತಾಡಿಸಲು ಹೋಗಿದ್ದೆ. ಕಾಲು ಹೇಗಿದೆ ಎಂದು ಕೇಳಿದೆ. ಸಾವಿತ್ರಮ್ಮ ಹೊಲಿಯುವುದನ್ನು ನಿಲ್ಲಿಸಿ ಕಾಲು ನೋಡಿಕೊಂಡರು.

"ಇದ್ದಾಗ ಒಂದಿನಾನೂ ನೋಯ್ನಿಲ್ಲ ಕಣವ್ವ ಆ ಎಬ್ಬೆಟ್ಟು. ಈಗ ಅದೇ ಇಲ್ಲ, ಆದ್ರೂ ನೋಯ್ತದೆ."