ದೇವರ ಗುಳಿಗಿ

ನಿನ್ನೆ ಗೆಳತಿಯೊಬ್ಬಳು, ಅಕ್ಕನ ಮದುವೆ ಹತ್ತಿರ ಬಂತೆಂದು, ಮುಟ್ಟು ಮುಂದೂಡುವ ಗುಳಿಗೆ ಕೊಳ್ಳಲು ನನ್ನನ್ನು ಔಷಧದಂಗಡಿಗೆ ಎಳೆದುಕೊಂಡು ಹೋದಳು. ಆ ಬೆಳ್ಳಿ ಬಣ್ಣದ ಹಾಳೆ ಚರಕ್ಕೆಂದದ್ದೇ ತಡ, ಕಾಗವಾಡದ ನಮ್ಮ ಮನೆ, ಅಣ್ಣನ ಹೆಂಡತಿ ವೈನಿ, ಎಲ್ಲ ಕಣ್ಣೆದುರು ಬಂದರು.

ನಮ್ಮದು ದ್ರಾಕ್ಷಿ ಬೆಳೆಯುವ ಜೈನರ ಮನೆ. ಮುಟ್ಟಾದವರು ಪಡಸಾಲೆಯಲ್ಲಿ ಕೂರಬೇಕು. ಬಸದಿ, ಅಡುಗೆಮನೆ ಎರಡೂ ದೂರ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದನ್ನು ಖಂಡಿಸಿ ಬಹುಮಾನ ಗೆದ್ದವಳು ನಾನು. ಆ ಭಾಷಣವನ್ನು ಅದೇ ಪಡಸಾಲೆಯಲ್ಲಿ ಕೂತು ಬರೆದೆನೆಂಬುದನ್ನು ನೀವು ಯಾರಿಗೂ ಹೇಳಬೇಡಿ.

ಮದುವೆಯಾಗಿ ವರ್ಷಗಳಾದರೂ ವೈನಿಗೆ ಮಕ್ಕಳಿರಲಿಲ್ಲ. ಅವ್ವ, ನಾನು ಮಿರಜಿಗೆ ಕರೆದೊಯ್ದಾಗ ಅಲ್ಲಿನ ಡಾಕ್ಟರಬಾಯಿ ರಕ್ತ ಪರೀಕ್ಷೆ ಮಾಡಿಸಿದರು. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರುತ್ತದಂತೆ, ವೈನಿಯದು ಏರಿರಲಿಲ್ಲ. "ಈ ತಿಂಗಳ ಅಂಡ ಬಿಟ್ಟಿಲ್ಲ" ಎಂದರು. 'ಈ ತಿಂಗಳ' ಎಂಬ ಮಾತು ಬಸ್ಸಿನಲ್ಲೇ ಉದುರಿಹೋಯಿತು. ಮನೆ ಸೇರುವಷ್ಟರಲ್ಲಿ ಅವ್ವ ಅಣ್ಣನ ಎರಡನೇ ಮದುವೆಗೆ ಭೋಜ ಊರಿನ ಹುಡುಗಿಯೊಬ್ಬಳನ್ನು ಹುಡುಕಿಯಾಗಿತ್ತು.

"ಏನರೆ ಆಗಲಿ, ಹಬ್ಬದ ಪೂಜಿಗೆ ಅಡ್ಡಿ ಆಗಲಿಲ್ಲ. ದೇವರ ಗುಳಿಗಿ ಛಲೋ ಐತಿ" ಎಂದಳು ಅವ್ವ. ಮುಟ್ಟು ಮುಂದೂಡುವ ಗುಳಿಗೆಗೆ ಅವಳಿಟ್ಟ ಹೆಸರು ಅದು.

"ಗುಳಿಗಿ? ಔಷಧ ಏನರೆ ತಗೊಂಡೀರೇನ ಅಂತ ಡಾಕ್ಟರಬಾಯಿ ಕೇಳಿದಾಗ ನೀನ ಇಲ್ಲ ಅಂದ್ಯಲ್ಲ ಬೇ!" ಎಂದೆ.

"ರೋಗ ಇದ್ರ ಔಷಧ. ಇಕಿಗೇನ್ ರೋಗಿತ್ತ? ದೊಡ್ಡ ವಾದ ಮಾಡಾಕಿ ಬಂದ್ಲು!"

ನಿರ್ಣಾಯಕರಿದ್ದರೆ ಪೂರ್ಣ ಅಂಕ ಅವ್ವನಿಗೇ. ವಿಚಾರಿಸಿದರೆ, ಹಬ್ಬದ ಮಧ್ಯೆ ಮುಟ್ಟಾಗಿಬಿಟ್ಟರೆ ಎಂಬ ಭಯಕ್ಕೆ ವೈನಿ ಬಹಳ ಮೊದಲಿನಿಂದಲೇ ಗುಳಿಗೆ ನುಂಗಿದ್ದರು. ಮರುದಿನವೇ ಅವರನ್ನು ಮತ್ತೆ ಮಿರಜಿಗೆ ಕರೆದೊಯ್ದೆ.

ಡಾಕ್ಟರಬಾಯಿ ಹಣೆ ಹಣೆ ಬಡಿದುಕೊಂಡರು. "ಆ ಗುಳಿಗೀನ ಅಂಡ ಬಿಡದಂಗ ತಡದಿರತೈತಿ. ಬಿಡ್ರಿ ಅದನ್ನ. ಮುಂದ ಮುಟ್ಟಾಗೂಕಿಂತ ಒಂದ್ ವಾರ ಮೊದಲ ಮತ್ತ ರಕ್ತಾ ಕೊಡ್ರಿ."

ಆದರೆ ಆ ಮುಟ್ಟಿನ ಹೊತ್ತಿಗೇ ಅವ್ವನ ನೋಂಪಿ ವ್ರತ ಮುಗಿಯುವ ಪೂಜೆ. ಅವ್ವ ಮತ್ತೆ ಗುಳಿಗೆ ತಂದಳು.

"ನಾಕ್ ಮಂದಿ ಬರ್ತಾರ. ಸೊಸಿ ಹೊರಗ ಕುಂತ್ರ ಏನಂದಾರು?"

"ಅಂದ್ರ ಅನ್ಲಿ. ಕುಂದರ್ತೀನ್ರಿ ಅತ್ತಿ."

ವೈನಿ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳಿದ ಹೊತ್ತಿಗೆ ರಕ್ತ ಕೊಟ್ಟರು. ಪೂಜೆಯ ದಿನ ಮುಟ್ಟಾಗಿ, ಬಂದ ಬೀಗರ ಕಣ್ಣೆದುರೇ ಪಡಸಾಲೆಯಲ್ಲಿ ಕೂತರು. ಪಡಸಾಲೆಯ ಶತ್ರುವಾದ ನಾನು ಪಕ್ಕದಲ್ಲೇ ಕಾವಲು ಕೂತೆ. ಸಂಜೆ ಅಣ್ಣ ಮಿರಜಿನಿಂದ ವರದಿ ತಂದ: ಹಾರ್ಮೋನು ಚೆನ್ನಾಗಿ ಏರಿತ್ತು.

ವೈನಿ ಕಾಗದ ಮುಟ್ಟಲೂ ಇಲ್ಲ. "ನನ್ನ ರಕ್ತ ಹೇಳೂದು ಹೇಳೈತಿ. ಇನ್ನ ಪರೀಕ್ಷಾ ನಿಮ್ಮ ಪಾಳಿ ರೀ" ಎಂದರು ಅಣ್ಣನಿಗೆ. ಅಣ್ಣ ವರದಿ ಮಡಚಿ ಜೇಬಿಗಿಟ್ಟ. ಭೋಜದ ಮಾತು ಮತ್ತೆ ನಮ್ಮ ಮನೆಯಲ್ಲಿ ಏಳಲಿಲ್ಲ.

ನಿನ್ನೆ ಅಂಗಡಿಯಲ್ಲಿ ನನ್ನ ಹಳೆಯ ಭಾಷಣ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಡಾಕ್ಟರ ಕಡೆ ಹೋದ್ರ ಇದನ್ನೂ ಹೇಳ ಬೇ" ಎಂದೆ.

"ಇದೇನ್ ಔಷಧೇನ?" ಎಂದು ನಕ್ಕಳು ಗೆಳತಿ.

ನಾನು ವಾದ ಮಾಡಲಿಲ್ಲ. ದಾರಿಯುದ್ದಕ್ಕೂ ವೈನಿಯ ಕಥೆ ಹೇಳಿದೆ.